ಒತ್ತು, ಹಿಡಿ, ಬಿಡು: ಮೆತ್ತಗಾದ ಬ್ರೇಕುಗಳ ಜೊತೆ ನನ್ನ ಸಂಸಾರ

ಸುತ್ತಲಿನ ಊರುಗಳಲ್ಲಿ ಯಾವ ಗಾಡಿಯ ಬ್ರೇಕ್ ಮೆತ್ತಗಾದರೂ ಅದು ಬರುತ್ತಿದ್ದದ್ದು ನಮ್ಮ ಮನೆಗೆ. ಅದರ ಹಿಂದೆಯೇ ಒಂದು ನಗೆಪಾಟಲು ಕೂಡ. ನಮ್ಮ ಬಾಗಿಲಿಗೆ ಬಂದು ನಿಲ್ಲುತ್ತಿದ್ದವು ಅಂತ ಮಾತ್ರ ಹೇಳಲಾರೆ. ನಿಲ್ಲುತ್ತಿದ್ದದ್ದು ನಮ್ಮ ಬಾಗಿಲು ದಾಟಿ, ಪಕ್ಕದ ಹಿಟ್ಟಿನ ಗಿರಣಿಯ ಮುಂದೆ. ಗಿರಣಿಯವನು ಅವಸರದಲ್ಲಿ ಜೋಳದ ಚೀಲಗಳನ್ನು ಒಳಗೆ ಎಳೆದುಕೊಂಡ ಅಂದರೆ ನಮಗೊಬ್ಬ ಗಿರಾಕಿ ಬಂದ ಅಂತ ಲೆಕ್ಕ.

ಚಿಕ್ಕೋಡಿಯಲ್ಲಿ ನಮ್ಮವರದು ಬ್ರೇಕಿನ ಗ್ಯಾರೇಜು. ಮುಂದಿನ ತಗಡಿನ ಶೆಡ್ಡು ಗ್ಯಾರೇಜು, ಹಿಂದಿನ ಕೋಣೆಗಳು ಮನೆ. ಇಂಜಿನ್ನು, ಗೇರು ಇವನ್ನೆಲ್ಲ ಅವರು ಮುಟ್ಟುತ್ತಿರಲಿಲ್ಲ. "ಗಾಡಿ ಓಡಸಾಕ ಊರ ತುಂಬ ಮಿಸ್ತ್ರಿ ಅದಾರ. ನಿಲ್ಲಸಾಂವ ನಾ ಒಬ್ಬನ" ಅನ್ನುತ್ತಿದ್ದರು.

ಒಳ್ಳೆಯ ಬ್ರೇಕಿನ ಪೆಡಲ್ ಕಾಲಿಗೆ ಗಟ್ಟಿಯಾಗಿ ಎದುರು ನಿಲ್ಲಬೇಕು. ಅದು ನೆನೆದ ಸ್ಪಂಜಿನ ಹಾಗೆ ಒಳಗೊಳಗೇ ಇಳಿದುಹೋದರೆ, ಬ್ರೇಕ್ ಎಣ್ಣೆಯ ಪೈಪಿನಲ್ಲಿ ಗಾಳಿ ಹೊಕ್ಕಿದೆ ಅಂತ ಅರ್ಥ. ಆ ಗಾಳಿ ತೆಗೆಯಲು ಇಬ್ಬರು ಬೇಕು. ಒಬ್ಬರು ಗಾಡಿಯ ಕೆಳಗೆ ಮಲಗಿ ಚಕ್ರದ ಹಿಂದಿನ ಸಣ್ಣ ನಿಪ್ಪಲ್ಲನ್ನು ಪಾನಾ ಹಾಕಿ ಸಡಿಲಿಸಬೇಕು. ಇನ್ನೊಬ್ಬರು ಮೇಲೆ ಕೂತು ಪೆಡಲ್ ಒತ್ತಿ ಹಿಡಿದಿರಬೇಕು. ಕೆಳಗಿನವರು ನಿಪ್ಪಲ್ ಮುಚ್ಚಿ ಹೇಳಿದ ಮೇಲೆಯೇ ಬಿಡಬೇಕು. ಕೆಳಗಿನವರು ನಮ್ಮವರು. ಮೇಲಿನವಳು ನಾನು. ಸಂಸಾರದಲ್ಲಿ ಗಂಡನಿಗಿಂತ ಮೇಲೆ ಕೂತ ಹೆಂಗಸು ಆಗಿನ ಕಾಲಕ್ಕೆ ನಮ್ಮ ಓಣಿಯಲ್ಲಿ ನಾನೊಬ್ಬಳೇ.

ಬೈಯಲಾಗದವರು

ಮದುವೆಯಾದ ಹೊಸತು, ಎಂಬತ್ತರ ದಶಕದ ಮೊದಲಿನ ಮಾತು. ಹೊಸ ಹೆಂಡತಿಗೆ ಗಂಡಂದಿರು ಏನೇನೋ ಹೇಳುತ್ತಾರಂತೆ. ನಮ್ಮವರು ಜೀಪಿನ ಕೆಳಗೆ ಮಲಗಿ ನನಗೆ ಹೇಳಿದ್ದು ಮೂರೇ ಮಾತು: ಒತ್ತು, ಹಿಡಿ, ಬಿಡು. ನನ್ನ ಕಾಲು ಗಿಡ್ಡ, ಪೆಡಲ್ ದೂರ. ಬೆನ್ನಿಗೊಂದು ದಿಂಬು ಕೊಟ್ಟುಕೊಂಡು, ನಿರಿಗೆ ಎತ್ತಿ ಹಿಡಿದು, ಹೇಗೋ ಒತ್ತುತ್ತಿದ್ದೆ. ಅವರು ಹೇಳುವ ಮೊದಲೇ ಕಾಲು ಜಾರಿದರೆ ಹೊರಗೆ ಹೋದ ಗಾಳಿ ಮತ್ತೆ ಒಳಗೆ. ಆಗ ಕೆಳಗಿನಿಂದ ಬೈಗುಳ ಮೇಲಕ್ಕೆ.

ಅಂಥದೊಂದು ಮಧ್ಯಾಹ್ನ, ಮಗಳ ಸಂಸಾರ ಹೇಗಿದೆ ನೋಡೋಣ ಅಂತ ನಮ್ಮಪ್ಪ ರಾಯಬಾಗದಿಂದ ಬಂದರು. ಬಗಲಲ್ಲಿ ಬೆಲ್ಲದ ಪೆಂಟಿ. ಅವರಿನ್ನೂ ಬೀದಿಯಲ್ಲಿರುವಾಗಲೇ ಕಿವಿಗೆ ಬಿದ್ದ ಮಾತು ಇದು:

"ಹಿಡಿ ಅಂದ್ರ ಹಿಡಿಬೇಕು, ಬಿಡು ಅಂದ್ರ ಬಿಡಬೇಕು! ಎಷ್ಟ ಸಲ ಹೇಳಬೇಕು ನಿನಗ? ಒಳಗೆಲ್ಲಾ ಬರೇ ಗಾಳಿ ತುಂಬೇತಿ!"

ಅಪ್ಪ ಬೆಲ್ಲವನ್ನು ಗಿರಣಿಯ ಕಟ್ಟೆಯ ಮೇಲಿಟ್ಟು ಒಳಗೆ ನುಗ್ಗಿದರು. ಅಳಿಯ ಕಾಣಲಿಲ್ಲ. ಜೀಪಿನ ಕೆಳಗಿನಿಂದ ಎರಡು ಕಾಲು ಮಾತ್ರ ಹೊರಗಿದ್ದವು. ಅಪ್ಪ ಆ ಕಾಲುಗಳ ಮುಂದೆ ನಿಂತು ಶುರುಮಾಡಿದರು.

"ನೋಡ್ರಿ ಅಳಿಯಂದ್ರ, ನನ್ನ ಮಗಳ ತಲಿಯಾಗ ಗಾಳಿ ತುಂಬೇತಿ ಅನ್ನೂದಿದ್ರ ಲಗ್ನಕ್ಕ ಮೊದಲ ಅನ್ನಬೇಕಾಗಿತ್ತು. ಒಮ್ಮೆ ಕೈ ಹಿಡದ ಮ್ಯಾಲ ಬಿಡು ಅನ್ನೂ ಮಾತು ನಮ್ಮ ಮನಿತನದಾಗ ಇಲ್ಲ!"

ಕಾಲುಗಳು ಗಡಬಡಿಸಿ ಹೊರಗೆ ಸರಿಯತೊಡಗಿದವು. ಆಮೇಲೆ ಕೆಳಗೆ ಠಣ್ ಅಂತ ತಲೆ ಬಡಿದ ಸಪ್ಪಳ. ನಾನು ಕೆಳಗಿಳಿದು ಬಂದು, ಗಾಳಿ ತುಂಬಿದ್ದು ನನಗಲ್ಲ, ಜೀಪಿಗೆ ಅಂತ ಬಿಡಿಸಿ ಹೇಳುವಷ್ಟರಲ್ಲಿ ಅಪ್ಪನಿಗೆ ನಾಚಿಕೆಯಾಗಿತ್ತು. ಆಡಿದ ಮಾತನ್ನು ಸರಿಪಡಿಸಬೇಕಲ್ಲ. "ನೀ ಸರಿ ಬೇ, ನಾ ಒತ್ತತೀನಿ" ಅಂತ ರುಮಾಲು ಸರಿಮಾಡಿಕೊಂಡು ಜೀಪು ಹತ್ತಿ ಕೂತರು.

ಈಗ ಕೆಳಗಿನ ಭಾಷೆಯೇ ಬದಲಾಯಿತು. "ಮಾವಾರ, ಒತ್ತರಿ... ಹಾಂ, ಸ್ವಲ್ಪ ಹಿಡಕೊಂಡ ಇರ್ರಿ... ಇನ್ನ ಬಿಡೂದು ಬ್ಯಾಡ್ರಿ... ಈಗ ಬಿಡಬಹುದ್ರಿ." ಇಷ್ಟು ಮರ್ಯಾದೆಯ ಮಾತು ಮುಗಿಯುವುದರೊಳಗೆ ಅಪ್ಪ ಕಾಲು ತೆಗೆದಿರುತ್ತಿದ್ದರು. ಬೀದಿಯಲ್ಲಿ ಗುರುತಿನವರು ಹೋದರೆ ಎದ್ದು ನಿಂತು ನಮಸ್ಕಾರ ಮಾಡುತ್ತಿದ್ದರು. ಅವರು ಕೈ ಮುಗಿಯುತ್ತಿದ್ದರು, ಇತ್ತ ಪೈಪಿನಲ್ಲಿ ಗಾಳಿ ತುಂಬುತ್ತಿತ್ತು. ಮಾವನಿಗೆ ಇವರು ಏನೂ ಅನ್ನುವ ಹಾಗಿಲ್ಲ. ಸಂಜೆಯ ಚಹಾದ ಹೊತ್ತಾದರೂ ಒಂದು ಚಕ್ರ ಮುಗಿದಿರಲಿಲ್ಲ. ಕೊನೆಗೆ ಜೀಪಿನ ಕೆಳಗಿನಿಂದ ಬಹಳ ನಯವಾದ ದನಿ ಬಂತು:

"ಮಾವಾರ, ನೀವು ಒಳಗ ಹೋಗಿ ಚಾ ಕುಡೀರಿ. ಮಗಳನ್ನ ಇಲ್ಲಿ ಕಳಸ್ರಿ. ಆಕಿಗಾದ್ರ ಬೈಲಿಕ್ಕೆ ಬರತೈತಿ."

ಗಾಣದ ಎಣ್ಣೆ

ಉಗಾರ ಬುದ್ರುಕದ ಕಡೆಯ ಒಬ್ಬ ದೊಡ್ಡ ಕಬ್ಬಿನ ಯಜಮಾನರು ಜೀಪು ತಂದರು. ಹಿಂದಿನ ಸೀಟಿನಲ್ಲಿ ಹೆಂಡತಿ, ಪಕ್ಕದಲ್ಲಿ ತಲೆಯ ಮೇಲೆ ಸೆರಗು ಹೊದ್ದ ಸೊಸೆ. ಯಾವುದೋ ಸೀಮಂತಕ್ಕೆ ಹೊರಟವರು, ದಾರಿಯಲ್ಲಿ ಬ್ರೇಕ್ ತೋರಿಸಿಕೊಂಡು ಹೋಗೋಣ ಅಂತ ಬಂದಿದ್ದರು.

"ಪೆಡಲ್ ಬೆಣ್ಣಿ ಆಗೇತ್ರಿ" ಅಂದರು ಯಜಮಾನರು.

ನಮ್ಮವರು ಚಕ್ರಗಳನ್ನು ನೋಡಿದರು, ಪೈಪು ನೋಡಿದರು, ಎಲ್ಲೂ ಸೋರಿಲ್ಲ. ಬಾನೆಟ್ ಎತ್ತಿ ಬ್ರೇಕ್ ಎಣ್ಣೆಯ ಡಬ್ಬಿಯ ಮುಚ್ಚಳ ತೆಗೆದರು. ಮೂಗು ಹತ್ತಿರ ಒಯ್ದರು. ಇನ್ನೊಮ್ಮೆ ಒಯ್ದರು. ಆಮೇಲೆ ನನ್ನನ್ನು ಕರೆದರು: "ಏ, ಇಲ್ಲಿ ಬಾ. ಇದು ಏನ ವಾಸನಿ ಹೇಳು."

ನಾನು ಮೂಸಿ ನೋಡಿದೆ. ಅಡುಗೆಮನೆಯಲ್ಲಿ ಇರುವವಳಿಗೆ ಅದರಲ್ಲಿ ಕಷ್ಟವೇನು? "ಶೇಂಗಾ ಎಣ್ಣಿ" ಅಂದೆ. "ಗಾಣದ್ದ ಐತಿ. ಛಲೋ ಐತಿ."

ಯಜಮಾನರ ಮುಖ ಅರಳಿತು. "ಅಕ್ಕಾರಿಗೆ ಗೊತ್ತಾತು ನೋಡ್ರಿ! ನಮ್ಮ ಸ್ವಂತ ಹೊಲದ ಶೇಂಗಾ. ಒಂದ ಹನಿ ಕಲಬೆರಕಿ ಇಲ್ಲ."

"ಯಜಮಾನ್ರ, ಬ್ರೇಕಿಗೆ ಬ್ರೇಕಿನ ಎಣ್ಣೀನ ಹಾಕಬೇಕ್ರಿ" ಅಂದರು ನಮ್ಮವರು. "ಇದನ್ನ ಹಾಕಿದ್ರ ಒಳಗಿನ ರಬ್ಬರ್ ವಾಷರ್ ಉಬ್ಬಿ ಮೆತ್ತಗಾಗಿ ಹೋಗತಾವು."

"ಇದನ್ನ ತಿಂದು ನಮ್ಮ ಮನಿ ಮಂದಿ ಎಲ್ಲಾ ಗಟ್ಟಿಮುಟ್ಟ ಅದಾರ. ವಾಷರ್ ಯಾಕ ಮೆತ್ತಗಾಗತೈತ್ರಿ?"

ನಮ್ಮವರು ಎಲ್ಲ ವಾಷರ್ ಬಿಚ್ಚತೊಡಗಿದರು. ಒಂದೊಂದೂ ಕರಿದ ವಡೆಯ ಹಾಗೆ ಉಬ್ಬಿತ್ತು. ಅಲ್ಲಿಯವರೆಗೆ ಜೀಪಿನಲ್ಲೇ ಕೂತಿದ್ದ ಯಜಮಾನರ ಹೆಂಡತಿ ಕೆಳಗಿಳಿದು ಬಂದು ಆ ವಾಷರನ್ನೂ ಗಂಡನನ್ನೂ ನೋಡಿದರು.

"ಅಂದ್ರ ನಮ್ಮ ಎಣ್ಣಿ ಡಬ್ಬಿ ಖಾಲಿ ಆಗತಿದ್ದದ್ದು ಇದಕ್ಕೇನು? ನಾನು ಸೊಸಿ ತೌರಮನಿಗೆ ಸಾಗಸಾಕತ್ತಾಳ ಅಂತ ಆಕೀ ಮ್ಯಾಲ ಕಣ್ಣ ಇಟ್ಟಿದ್ನಲ್ಲರೀ ಮಾರಾಯ್ರ!"

ಯಜಮಾನರು ಕೆಮ್ಮಿ ಬೇರೆ ಕಡೆ ನೋಡಿದರು. ನಾನು ಜೀಪಿನೊಳಗೆ ಇಣುಕಿದೆ. ಸೊಸೆ ಸೆರಗಿನ ಮರೆಯಲ್ಲಿ ಸಣ್ಣಗೆ ನಗುತ್ತಿದ್ದಳು. ಹೊಸ ವಾಷರ್ ಹಾಕಿ, ಗಾಳಿ ತೆಗೆದು, ಜೀಪು ಹೊರಡುವ ಹೊತ್ತಿಗೆ ಅವಳು ಅವತ್ತಿನ ಮೊದಲ ಮಾತು ಆಡಿದಳು. ಬಹಳ ವಿನಯದಿಂದ, ಬಗ್ಗಿಸಿದ ತಲೆ ಎತ್ತದೆ:

"ಮಾವಾರ, ಮನ್ಯಾಗ ತುಪ್ಪದ ಡಬ್ಬಿನೂ ಖಾಲಿ ಆಗೇತ್ರಿ. ಅದನ್ನ ಯಾವ ಗಾಲಿಗೆ ಹಾಕೀರಿ?"

ಮನೆ ಮುಂದಿನ ಸ್ಟಾಪು

ಕಾಗವಾಡದಿಂದ ಉಗಾರದ ಕಡೆಗೆ ಮಂದಿ ತುಂಬಿಕೊಂಡು ಓಡುವ ಒಂದು ಟೆಂಪೋ ಇತ್ತು. ಅದರ ಡ್ರೈವರ್ ಬ್ರೇಕಿನ ಬಗ್ಗೆ ಚಿಂತೆ ಮಾಡುವ ಮನುಷ್ಯನಲ್ಲ. ಗಾಡಿ ಎಲ್ಲಿ ನಿಲ್ಲುತ್ತದೆ ಅಂತ ಅವನಿಗೆ ಅಂದಾಜಿತ್ತು, ಹತ್ತಿದವರಿಗೂ ಅಂದಾಜಿತ್ತು. "ಉಗಾರದಾಗ ಇಳಿಯಾವ್ರು ಶೇಡಬಾಳ ದಾಟೂದ್ರಾಗ ಹೇಳಬೇಕು" ಅಂತ ಟೆಂಪೋದೊಳಗೆ ಕೂಗುತ್ತಿದ್ದ.

ಒಮ್ಮೆ ಏನಾಯಿತೋ, ಎದುರಿಗೆ ಬಂದ ಕಬ್ಬಿನ ಟ್ರ್ಯಾಕ್ಟರ್ ನೋಡಿ ಅವನಿಗೂ ದೇವರು ಕಂಡನಂತೆ. ನೆಟ್ಟಗೆ ನಮ್ಮಲ್ಲಿಗೆ ಬಂದ. ನಮ್ಮವರು ತೂತು ಬಿದ್ದ ಪೈಪು ಬದಲಿಸಿದರು, ಲೈನರ್ ಹಾಕಿದರು, ನಾನು ಒತ್ತಿ ಹಿಡಿದು ಬಿಟ್ಟೆ. ಪೆಡಲ್ ಕಲ್ಲಿನಂತಾಯಿತು. ಅವನು ಕಾಲಿಟ್ಟು ನೋಡಿ ಕಣ್ಣಲ್ಲಿ ನೀರು ತಂದುಕೊಂಡ.

ವಾರ ಕಳೆದಿರಲಿಲ್ಲ, ಮತ್ತೆ ಬಂದ. ಜೊತೆಗೆ ಒಬ್ಬ ಮುದುಕಿ. ಬ್ರೇಕ್ ಕೆಟ್ಟಿತೇನೋ ಅಂದುಕೊಂಡು ನಮ್ಮವರು ಪಾನಾ ಎತ್ತಿಕೊಂಡರು.

"ಬ್ರೇಕ್ ಭಾರೀ ಅದಾವ್ರಿ" ಅಂದ ಡ್ರೈವರ್. "ಆದ್ರ ಈ ಆಯಿ ದಿನಾ ನನ್ನ ಕೂಡ ಜಗಳಾ ತಗೀತಾಳ. ಮಿಸ್ತ್ರಿ ಯಾರ ತೋರಸು ಅಂತ ಬೆನ್ನ ಹತ್ತಿ ಬಂದಾಳ."

ಮುದುಕಿ ನಮ್ಮವರನ್ನು ಮೇಲಿಂದ ಕೆಳಗೆ ನೋಡಿದಳು. "ನೀನೇನೋ ತಮ್ಮಾ ಆ ಮಿಸ್ತ್ರಿ? ಮೊದಲ ಇವನ ಗಾಡಿ ಸ್ಟಾಪ್ ದಾಟಿ ನನ್ನ ಮನಿ ಬಾಗಲದಾಗ ನಿಲ್ಲತಿತ್ತು. ಈಗ ಸ್ಟಾಪಿನಾಗ ನಿಲ್ಲತೈತಿ. ಮಣಕಾಲ ಹಿಡಕೊಂಡು ನಾ ಅಲ್ಲಿಂದ ಮನಿ ತನಕಾ ನಡೀಬೇಕೇನು? ಮುದುಕರ ಹೊಟ್ಟಿ ಮ್ಯಾಲ ಯಾಕ ಹೊಡೀತೀರೋ?"

ನಿಪ್ಪಾಣಿಯ ಆರತಿ

ನನ್ನ ಚಿಕ್ಕಪ್ಪನ ಮಗನ ಮದುವೆ. ಹುಡುಗಿ ನಿಪ್ಪಾಣಿಯವಳು, ಮದುವೆ ಅಲ್ಲಿನ ಮಂಗಲ ಕಾರ್ಯಾಲಯದಲ್ಲಿ, ಅಂದರೆ ಮದುವೆ ಮಂಟಪದಲ್ಲಿ. ರಾಯಬಾಗದಿಂದ ಹೊರಟ ದಿಬ್ಬಣ ದಾರಿಯಲ್ಲಿ ಚಿಕ್ಕೋಡಿಗೆ ಬಂದು ನಮ್ಮನ್ನು ಕೂಡಿಸಿಕೊಂಡಿತು. ಮದುಮಗನಿಗೆ ಅಂತ ಚಿಕ್ಕಪ್ಪ ಬಾಡಿಗೆಗೆ ಒಂದು ಬಿಳಿ ಕಾರು ಹಿಡಿದಿದ್ದರು. ಮೈತುಂಬ ಚೆಂಡು ಹೂವು. ನಮ್ಮವರು ಚಾಳಿ ಬಿಡಬೇಕಲ್ಲ, ಮದುಮಗನನ್ನು ಮಾತಾಡಿಸುವ ಮೊದಲೇ ಕಾರಿನ ಪೆಡಲ್ ಒತ್ತಿ ನೋಡಿದರು.

"ಕಾಕಾ, ಮೆತ್ತಗೈತ್ರಿ. ಗಾಳಿ ತಗದ ಹೋಗೂಣು."

"ಮುಹೂರ್ತ ಮೀರತೈತಿ" ಅಂದರು ಚಿಕ್ಕಪ್ಪ. "ಲಗ್ನ ಆದ ಮ್ಯಾಲ ತಗದ್ರಾತು. ಬ್ರೇಕ್ ಏನ್ ಅಕ್ಕಿಕಾಳ ಹಾಕತೈತೇನು?"

ಕಾರು ಮುಂದೆ ಹೋಯಿತು. ನಾವೆಲ್ಲ ಹಿಂದೆ ಟೆಂಪೋದಲ್ಲಿ. ನಿಪ್ಪಾಣಿ ತಲುಪಿ ಕಾರ್ಯಾಲಯದ ಮುಂದೆ ಇಳಿದರೆ ಹೆಣ್ಣಿನ ಕಡೆಯವರು ಆರತಿ ತಟ್ಟೆ ಹಿಡಿದು ರಸ್ತೆ ನೋಡುತ್ತಾ ನಿಂತಿದ್ದರು. ಬ್ಯಾಂಡಿನವರು ಕಹಳೆ ಕೆಳಗಿಟ್ಟು ಏದುಸಿರು ಬಿಡುತ್ತಿದ್ದರು. ಮದುಮಗನಿಲ್ಲ, ಕಾರೂ ಇಲ್ಲ.

"ಮದುಮಗ ಎಲ್ಲಿ?" ಅಂತ ಚಿಕ್ಕಪ್ಪ ಗಾಬರಿಯಿಂದ ಕೇಳಿದರು.

"ನಾವು ಬಾರಿಸೇ ಬಾರಿಸಿದ್ವಿ, ಅವರು ನಿಲ್ಲಲಿಲ್ರಿ" ಅಂದ ಬ್ಯಾಂಡಿನವನು. "ಕೈ ಮುಗಕೋತ ಹಂಗ ಮುಂದ ಹೋದ್ರು."

ಅದೇ ರಸ್ತೆಯ ಇಳಿಜಾರು ಮುಗಿಯುವಲ್ಲಿ ಇನ್ನೊಂದು ಕಾರ್ಯಾಲಯವಿತ್ತು. ಅಲ್ಲಿಯೂ ಅವತ್ತು ಮದುವೆ. ಅಲ್ಲಿಯವರೂ ತಮ್ಮ ಅಳಿಯನ ದಾರಿ ಕಾಯುತ್ತಿದ್ದರು. ಹೂವಿನ ಕಾರು ಅವರ ಬಾಗಿಲಲ್ಲಿ ಹೋಗಿ ನಿಂತಿತು. ಡ್ರೈವರ್ ಗಾಲಿಗೆ ಕೊಡಲು ಕಲ್ಲು ಹುಡುಕುತ್ತಾ ಓಡಿದ. ಅಲ್ಲಿನ ಹಿರಿಯರು "ಯಾ ಯಾ, ಜಾವಾಯಿಬಾಪೂ!" ಅಂತ ಅಳಿಯನಿಗೆ ಬಾಗಿಲು ತೆಗೆದು ಬರಮಾಡಿಕೊಂಡರು. ನಿಪ್ಪಾಣಿಯ ಬೀಗರು ಮರಾಠಿ ಮಾತಾಡುವುದರಲ್ಲಿ ವಿಶೇಷವೇನು? ನಮ್ಮ ಹುಡುಗನ ಮುಖದ ಮುಂದೆ ಬಾಸಿಂಗದ ಹೂವು ಜೋತಾಡುತ್ತಿತ್ತು. ಅವನಿಗೆ ಅವರು ಕಾಣಲಿಲ್ಲ, ಅವರಿಗೆ ಇವನು ಕಾಣಲಿಲ್ಲ. ಕಾಲು ತೊಳೆದರು, ಆರತಿ ಎತ್ತಿದರು, ಬಾಯಿಗೆ ಪೇಡೆ ಹಾಕಿದರು. ಇವನು ತಲೆ ತಗ್ಗಿಸಿ ಎಲ್ಲವನ್ನೂ ಮಾಡಿಸಿಕೊಂಡ.

ನಾವು ಓಡಿ ಹೋಗಿ ಮುಟ್ಟುವ ಹೊತ್ತಿಗೆ ಅಲ್ಲಿನ ಹುಡುಗಿಯ ತಂದೆ ಅಳಿಯನ ಮುಖ ನೋಡುವ ಆಸೆಯಿಂದ ಹೂವಿನ ಎಳೆ ಸರಿಸಿದ್ದರು. "ಅರೇ! ಹಾ ತರ ಆಪಲಾ ನಾಹೀ!" ಅಂತ ಕೂಗಿಕೊಂಡರು. ಇವನು ನಮ್ಮವನೇ ಅಲ್ಲ ಅಂತ. ಚಿಕ್ಕಪ್ಪ ಜನರ ನಡುವಿನಿಂದ ಕೈ ಎತ್ತಿ, "ನಮ್ಮಾಂವ್ರಿ! ನಮ್ಮಾಂವ!" ಅಂತ ಅರಚಿದರು. ಅವರು ಬಹಳ ಮರ್ಯಾದಸ್ಥರು. ಇನ್ನೊಂದು ಪೇಡೆ ಕೊಟ್ಟು ಕಳಿಸಿದರು.

ಮದುವೆಯೇನೋ ಮುಹೂರ್ತಕ್ಕೇ ಆಯಿತು. ನಾವಿಬ್ಬರೂ ಅಕ್ಕಿಕಾಳು ಹಾಕಲಿಲ್ಲ. ಒಳಗೆ ಭಟ್ಟರು ಮಂಗಳಾಷ್ಟಕ ಹೇಳುತ್ತಿದ್ದರೆ ಹೊರಗೆ ನಮ್ಮವರು ಜರಿ ಧೋತರ ಎತ್ತಿಕಟ್ಟಿ ಕಾರಿನ ಕೆಳಗೆ, ನಾನು ಇಳಕಲ್ ಸೀರೆಯಲ್ಲಿ ಕಾರಿನ ಮೇಲೆ.

ಆ ಗಂಡ ಹೆಂಡತಿ ಈಗ ಸುಖವಾಗಿದ್ದಾರೆ. ಜಗಳ ಬಂದಾಗ ಮಾತ್ರ ಅವನು, "ಅವತ್ತ ಗಾಡಿ ಎಲ್ಲಿ ನಿಂತಿತ್ತೋ ಅಲ್ಲೇ ಇದ್ದಬಿಟ್ಟಿದ್ರ ಭೇಷ ಇತ್ತು" ಅನ್ನುತ್ತಾನೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಹೇಳುತ್ತಾಳೆ: "ಇರಬಹುದಿತ್ತು. ಆದ್ರ ಅವರು ಹೂವ ಸರಸಿ ನಿಮ್ಮ ಮುಖಾ ನೋಡಿದ್ರಲ್ಲ."

ಸಪ್ಪಳವಿಲ್ಲದ ಕಾರು

ತೊಂಬತ್ತರ ದಶಕ ಅರ್ಧ ದಾಟಿತ್ತು. ನಮ್ಮ ಹಿಂದಿನ ಓಣಿಯಲ್ಲಿ ಸಕ್ಕರೆ ಕಾರ್ಖಾನೆಯಿಂದ ನಿವೃತ್ತರಾದ ಒಬ್ಬ ಎಂಜಿನಿಯರರು ಇದ್ದರು. ಊರಿಗೆಲ್ಲ ಅವರು ಕಾಕಾ, ಅವರ ಹೆಂಡತಿ ಕಾಕೂ. ನಿವೃತ್ತರಾದವರು ಪುರಾಣ ಓದುತ್ತಾರೆ, ಇಲ್ಲವೇ ದ್ರಾಕ್ಷಿ ತೋಟ ಮಾಡುತ್ತಾರೆ. ಕಾಕಾ ಒಂದು ಹಳೇ ಕಾರು ತಂದು ಅದರ ಇಂಜಿನ್ ಕಿತ್ತು ಹಿತ್ತಲಿಗೆ ಎಸೆದರು. ಅದರ ಜಾಗಕ್ಕೆ ಒಂದು ಮೋಟರ್, ಹಿಂದಿನ ಸೀಟಿನ ತುಂಬ ಲಾರಿಯ ಬ್ಯಾಟರಿಗಳು. ಕರೆಂಟಿನ ಮೇಲೆ ಓಡುವ ಕಾರು! ಅದು ಓಡಿತು ಕೂಡ. ನಿಲ್ಲಲಿಲ್ಲ, ಅಷ್ಟೇ.

ಮೊದಲ ದಿನ ಅದು ಒಂದಿಷ್ಟೂ ಸಪ್ಪಳ ಮಾಡದೆ ಓಣಿಯುದ್ದಕ್ಕೂ ಹೋಗಿ, ಪಕ್ಕದವರ ಎಮ್ಮೆಯ ಹಿಂದೆ ಮೂತಿ ತಾಗಿಸಿ ನಿಂತಿತಂತೆ. ಎಮ್ಮೆ ಮೆಲುಕು ಹಾಕುವುದನ್ನೂ ನಿಲ್ಲಿಸಲಿಲ್ಲ. ಕಾಕೂ ಅವತ್ತೇ ಹೇಳಿಬಿಟ್ಟರು: "ನಾ ಇದರಾಗ ಕೂಡಬೇಕಾದ್ರ ಎಮ್ಮಿ ಇಲ್ಲದ ನಿಂತು ತೋರಸಬೇಕು."

ಕಾಕಾ ನಮ್ಮಲ್ಲಿಗೆ ಬಂದರು. ಅವರಿಗೆ ಅವಸರವಿತ್ತು. ಬರುವ ಭಾನುವಾರ ಒಬ್ಬ ದೊಡ್ಡ ಮುಖಂಡರನ್ನು ಕರೆಸಿ ಕಾರನ್ನು ಊರಿಗೆ ತೋರಿಸುವುದು ಅಂತ ಗೊತ್ತುಮಾಡಿದ್ದರು. ಪೆಂಡಾಲಿಗೂ ಹೇಳಿಯಾಗಿತ್ತು.

ನಮ್ಮವರು ಕಾರಿನ ಕೆಳಗೆ ಹೋದರು, ನಾನು ಮೇಲೆ ಹತ್ತಿದೆ. ಒತ್ತು, ಹಿಡಿ, ಬಿಡು. ನಾಲ್ಕೂ ಗಾಲಿಗಳದು ಮುಗಿಯಿತು. ನಿಪ್ಪಲ್ಲಿನಿಂದ ಗುಳ್ಳೆಯಿಲ್ಲದ ಚೊಕ್ಕ ಎಣ್ಣೆ ಬರುತ್ತಿತ್ತು. ಆದರೆ ಪೆಡಲ್ ಮಾತ್ರ ಹಾಗೆಯೇ ಮೆತ್ತಗೆ.

"ಮಾಸ್ಟರ್ ಸಿಲಿಂಡರ್ ಹೋಗೇತಿ" ಅಂದರು ನಮ್ಮವರು. ಪೆಡಲಿನ ಬುಡದಲ್ಲಿ ಎಣ್ಣೆ ದೂಡುವ ಅದರ ವಾಷರ್ ಎಲ್ಲ ಬದಲಾಯಿತು. ಪೆಡಲ್ ಮೆತ್ತಗೆ.

"ಬ್ಯಾಟರಿ ಭಾರಕ್ಕ ಹಿಂಗ ಆಗಾಕತ್ತೇತಿ" ಅಂದರು ಕಾಕಾ. ಬ್ಯಾಟರಿ ಇಳಿಸಿ ನೋಡಿದ್ದಾಯಿತು. ಪೆಡಲ್ ಮೆತ್ತಗೆ.

"ರಬ್ಬರ್ ಪೈಪ್ ಉಬ್ಬತಾವು" ಅಂದರು ನಮ್ಮವರು. ಹೊಸ ಪೈಪು ಬಂದವು. ಪೆಡಲ್ ಮೆತ್ತಗೆ. ನನ್ನ ಬಲಗಾಲು ಎಡಗಾಲಿಗಿಂತ ಗಟ್ಟಿಯಾದದ್ದೊಂದೇ ಲಾಭ.

ಶನಿವಾರ ಇಬ್ಬರೂ ಹಟಕ್ಕೆ ಬಿದ್ದು ಒಟ್ಟಿಗೇ ಕಾರಿನ ಕೆಳಗೆ ತೂರಿದರು. ನಮ್ಮವರು ಬಲಗಡೆಯ ಮುಂದಿನ ಗಾಲಿಯ ಹಿಂದೆ, ಕಾಕಾ ಎಡಗಡೆಯದರ ಹಿಂದೆ. ನಾನು ಮೇಲಿಂದ ಕೇಳುತ್ತಿದ್ದೆ. ಎರಡೂ ಕಡೆಯಿಂದ ಪಾನಾದ ಸಪ್ಪಳ ಬಂತು. ಆಮೇಲೆ ಕಾಕಾ ಕೇಳಿದರು:

"ಮಿಸ್ತ್ರಿ, ನಿನ್ನ ಕಡೆ ನಿಪ್ಪಲ್ ಎಲ್ಲಿ ಐತಿ? ಸಿಲಿಂಡರಿನ ಮ್ಯಾಲೋ, ಕೆಳಗೋ?"

"ಕೆಳಗ ಐತ್ರಿ. ನಿಮ್ಮ ಕಡೆ?"

"ನನ್ನ ಕಡೇನೂ ಕೆಳಗ."

ಇಬ್ಬರೂ ಒಟ್ಟಿಗೇ ನಿಟ್ಟುಸಿರು ಬಿಟ್ಟರು. ಗಾಳಿ ಯಾವಾಗಲೂ ಎಣ್ಣೆಯ ಮೇಲೆ ನಿಲ್ಲುತ್ತದೆ. ಅದನ್ನು ಹೊರಗೆ ಬಿಡುವ ನಿಪ್ಪಲ್ ಕೂಡ ಮೇಲ್ಗಡೆಯೇ ಇರಬೇಕು. ಬಣ್ಣ ಹೊಡೆಯಲು ಬಿಚ್ಚಿದಾಗ ಕಾಕಾ ಎಡಗಡೆಯ ಗಾಲಿಯ ಸಿಲಿಂಡರನ್ನು ಬಲಕ್ಕೆ, ಬಲಗಡೆಯದನ್ನು ಎಡಕ್ಕೆ ಕೂರಿಸಿದ್ದರು. ಹಾಗಾಗಿ ಎರಡೂ ತಲೆಕೆಳಗಾಗಿದ್ದವು. ನಾವು ಇಷ್ಟು ದಿನ ಕೆಳಗಿನಿಂದ ಒಳ್ಳೆಯ ಎಣ್ಣೆಯನ್ನೇ ಚೆಲ್ಲುತ್ತಿದ್ದೆವು. ಗಾಳಿ ಮೇಲೆ ಆರಾಮಾಗಿ ಕೂತಿತ್ತು.

"ಯಾರ ಹಿಂಗ ಜೋಡಸ್ಯಾರ ಅಂತ ನಿಮ್ಮ ಕಾಕೂಗ ಹೇಳಬ್ಯಾಡೋ ಮಿಸ್ತ್ರಿ" ಅಂದರು ಕಾಕಾ.

"ಇಷ್ಟ ದಿನಾ ಯಾರ ನೋಡಲಿಲ್ಲ ಅಂತ ನೀವೂ ಹೇಳಬ್ಯಾಡ್ರಿ" ಅಂದರು ನಮ್ಮವರು.

ಸಿಲಿಂಡರ್ ಅದಲು ಬದಲು ಮಾಡಿ ಗಾಳಿ ತೆಗೆದೆವು. ಪೆಡಲ್ ಕಲ್ಲಾಯಿತು. ಕಾಕೂ ತಾವೇ ಬಂದು ಒತ್ತಿ ನೋಡಿ, ಎಲ್ಲರಿಗೂ ಶಿರಾ ಮಾಡಿದರು.

ಭಾನುವಾರ ಊರಿಗೆ ಊರೇ ಸೇರಿತ್ತು. ಮುಖಂಡರು ಬರುವುದು ತಡವಾಯಿತು. ಅಷ್ಟರಲ್ಲಿ ಜನ, "ಕಾಕಾ, ಒಂದ ಸಲ ನಿಲ್ಲಿಸಿ ತೋರಸ್ರಿ" ಅಂದರು. ಕಾಕಾ ಏರಿನ ತನಕ ಕಾರು ಓಡಿಸಿಕೊಂಡು ಹೋಗಿ, ಇಳಿಜಾರಿನಲ್ಲಿ ಜೋರಾಗಿ ಬಂದು, ಸುಣ್ಣದ ಗೆರೆಯ ಮೇಲೆ ಗಕ್ಕನೆ ನಿಲ್ಲಿಸಿದರು. ಚಪ್ಪಾಳೆ. ಇನ್ನೊಮ್ಮೆ ಅಂದರು, ಇನ್ನೊಮ್ಮೆ ನಿಲ್ಲಿಸಿದರು. ನಮ್ಮವರು ಹೊಸ ಅಂಗಿಯ ಕಾಲರ್ ಸರಿಮಾಡಿಕೊಳ್ಳುತ್ತಾ ಗೆರೆಯ ಪಕ್ಕದಲ್ಲೇ ನಿಂತಿದ್ದರು, ಚಪ್ಪಾಳೆ ತಮಗೂ ತಾಗಲಿ ಅಂತ.

ಮುಖಂಡರು ಬಂದರು. ಸರಿಯಾಗಿ ಅದೇ ಹೊತ್ತಿಗೆ ಊರ ಕರೆಂಟು ಹೋಯಿತು. ಮೈಕ್ ಸತ್ತಿತು. ಮೈಕಿನವನು ಕೈಚೆಲ್ಲಿ ನಿಂತ. ಕಾಕಾ ನಕ್ಕರು. "ಕರೆಂಟಿನ ಕಾರು ಮುಂದ ಇರೂತನಾ ಕರೆಂಟಿಗೆ ಏನ್ ಬರಾ?" ಅಂತ ತಾವೇ ಕಾರಿನ ಬ್ಯಾಟರಿಗೆ ಮೈಕಿನ ವೈರು ಕೊಟ್ಟರು. ವಿಡಿಯೋದವನು ತನ್ನ ದೊಡ್ಡ ದೀಪದ ವೈರನ್ನೂ ಅಲ್ಲೇ ಸಿಕ್ಕಿಸಿದ.

ಮುಖಂಡರು ಮಾತಾಡಿದರು. ಈ ಕಾರಿಗೆ ಪೆಟ್ರೋಲ್ ಬೇಡ ಅಂದರು. ಡೀಸೆಲ್ ಬೇಡ ಅಂದರು. ಹೊಗೆಯಿಲ್ಲ ಅಂದರು. ಎಣ್ಣೆಯ ದೇಶಗಳನ್ನೆಲ್ಲ ಒಂದೊಂದಾಗಿ ಸುತ್ತಿ, ಕೃಷ್ಣಾ ನದಿಗೆ ಮರಳಿ, ಕಬ್ಬಿನ ಬೆಲೆಯ ಮೇಲೆ ಹಾದು, ಮತ್ತೆ ಕಾರಿಗೆ ಬಂದರು. ಕೊನೆಕೊನೆಗೆ ಅವರ ದನಿ ಯಾಕೋ ಕುಗ್ಗುತ್ತಾ ಹೋಯಿತು. ಭಾವುಕರಾಗಿದ್ದಾರೆ ಅಂತ ಜನ ಅಂದುಕೊಂಡರು.

ಭಾಷಣ ಮುಗಿಸಿ ಹಾರ ಹಾಕಿಸಿಕೊಂಡು ಅವರು ಕಾರಿನಲ್ಲಿ ಕಾಕಾನ ಪಕ್ಕಕ್ಕೆ ಕೂತರು. "ಹೂಂ, ಚಾಲೂ ಮಾಡ್ರಿ."

ಕಾಕಾ ಸ್ವಿಚ್ ಒತ್ತಿದರು. ಏನೂ ಆಗಲಿಲ್ಲ.

"ಚಾಲೂ ಆತೇನ್ರಿ? ಸಪ್ಪಳ ಬರಂಗಿಲ್ಲ ಅಂದ್ರಲ್ಲ?"

ಕಾಕಾ ಬೆವರುತ್ತಾ ಮತ್ತೆ ಒತ್ತಿದರು. ಮುಖಂಡರು ಕಿಟಕಿಯಿಂದ ತಲೆ ಹೊರಗೆ ಹಾಕಿ ನಮ್ಮವರನ್ನು ನೋಡಿದರು. "ಮಿಸ್ತ್ರಿ, ನೀ ಬ್ರೇಕ್ ಭಾಳ ಬಿಗಿ ಮಾಡೀದಿ. ಗಾಡಿ ಹಿಡಕೊಂಡ ಕುಂತೇತಿ. ಸಡ್ಲ ಮಾಡು."

ಊರ ಮುಂದೆ ಬ್ರೇಕಿನ ಮೇಲೆ ಬಂದ ಮಾತು! ನಮ್ಮವರು ಹೊಸ ಅಂಗಿಯಲ್ಲೇ ಧೂಳಿಗೆ ಬಿದ್ದು ಜ್ಯಾಕ್ ಕೊಟ್ಟು ಒಂದೊಂದೇ ಗಾಲಿ ಎತ್ತಿ ತಿರುಗಿಸಿ ತೋರಿಸಿದರು. ಗಾಲಿಗಳು ಗರಗರ ತಿರುಗಿದವು. ಮೇಲೆದ್ದು ಕೈ ಝಾಡಿಸಿಕೊಂಡು ಹೇಳಿದರು:

"ಸಾಹೇಬ್ರ, ಬ್ರೇಕ್ ಹಿಡದಿಲ್ರಿ. ಕರೆಂಟ್ ಮುಗದೇತಿ. ಅರ್ಧಾ ಕಾಕಾ ಓಡಿಸಿ ಮುಗಸ್ಯಾರ, ಉಳದ ಅರ್ಧಾ ನೀವು ಮಾತಾಡಿ ಮುಗಸೀರಿ."

ಮುಖಂಡರು ಇಳಿಯಲು ಒಪ್ಪಲಿಲ್ಲ. ಹಾರ ಹಾಕಿಕೊಂಡು ಹತ್ತಿದವರು ಹಾಗೆಯೇ ಇಳಿದರೆ ಜನ ಏನಂದಾರು? ಬ್ಯಾಂಡು ತಯಾರಿತ್ತು, ವಿಡಿಯೋದವನು ಎದುರಿಗಿದ್ದ. ಅಷ್ಟರಲ್ಲಿ ಹಾದಿಯ ಬದಿಗೆ ಖಾಲಿ ಕಬ್ಬಿನ ಗಾಡಿ ನಿಲ್ಲಿಸಿಕೊಂಡಿದ್ದ ಒಬ್ಬ ರೈತ ಕಣ್ಣಿಗೆ ಬಿದ್ದ. ಹಿರಿಯರೆಲ್ಲ ಅವನ ಕಿವಿಯಲ್ಲಿ ಏನೋ ಹೇಳಿದರು. ಅವನು ಎತ್ತುಗಳನ್ನು ನೊಗದಿಂದ ಬಿಚ್ಚಿ, ಹಗ್ಗ ತಂದು ಕಾರಿನ ಮುಂದೆ ಕಟ್ಟಿದ.

ಮೆರವಣಿಗೆ ಹೊರಟಿತು. ಮುಂದೆ ಬ್ಯಾಂಡು, ಅದರ ಹಿಂದೆ ಎತ್ತು, ಎತ್ತಿನ ಹಿಂದೆ ಕರೆಂಟಿನ ಕಾರು. ಒಳಗೆ ಮುಖಂಡರು ಎರಡೂ ಕಡೆ ಕೈ ಮುಗಿಯುತ್ತಿದ್ದರು. ಇಳಿಜಾರಿನಲ್ಲಿ ಕಾರು ಎತ್ತಿನ ಹಿಂಗಾಲಿಗೆ ತಾಗದಂತೆ ಕಾಕಾ ಬ್ರೇಕ್ ಒತ್ತುತ್ತಾ ಬಂದರು. ಬ್ರೇಕು ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಹಿಡಿಯುತ್ತಿತ್ತು. ಹಾಗಂತ ಹೇಳಲು ನಮ್ಮವರು ಕಾರಿನ ಪಕ್ಕದಲ್ಲೇ ಓಡುತ್ತಿದ್ದರು, ಕೇಳುವವರು ಯಾರೂ ಇರಲಿಲ್ಲ.

ಬಸ್ ಸ್ಟ್ಯಾಂಡಿನ ಮುಂದೆ ಎಲ್ಲವೂ ನಿಂತಿತು. ರೈತ ಎತ್ತಿನ ಬೆನ್ನು ಚಪ್ಪರಿಸಿ, ಕಿಟಕಿಯ ಹತ್ತಿರ ಬಂದು, ರುಮಾಲು ತೆಗೆದು ಬಹಳ ಮರ್ಯಾದೆಯಿಂದ ಬಗ್ಗಿ ಮುಖಂಡರನ್ನು ಕೇಳಿದ:

"ಸಾಹೇಬ್ರ, ನಾನೂ ಹಾದಿಯಾಗ ನಿಂತು ನಿಮ್ಮ ಭಾಷಣಾ ಕೇಳೀನ್ರಿ. ಈ ಗಾಡಿಗೆ ಪೆಟ್ರೋಲ್ ಬ್ಯಾಡ ಅಂದ್ರಿ, ಡೀಸೆಲ್ ಬ್ಯಾಡ ಅಂದ್ರಿ. ಮೇವು ಬೇಕಾಗತೈತಿ ಅನ್ನೂದನ್ನ ಹೇಳಾಕ ಮರತ್ರಿ ನೋಡ್ರಿ!"